ದ್ಯಾಮವ್ವನ ಆರು ದಿನದ ಜ್ವರ

ಹೊಳೆಯ ದಂಡೆಯ ಮೇಲೆ ಒಂದು ಆಸ್ಪತ್ರೆ. ಅಲ್ಲಿನ ಹಿರಿಯ ಡಾಕ್ಟರು ಇಂದುಮತಿಬಾಯಿ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕಲಿಸುವವರಾದ್ದರಿಂದ ಎಲ್ಲರಿಗೂ ಅವರು ಅಕ್ಕೋರು.

ವರ್ಷಗಟ್ಟಲೆ ನರ್ಸಾಗಿ, ಕಂಪೌಂಡರಾಗಿ ದುಡಿದವರು ಎರಡು ವರ್ಷದ ಮೇಲ್ಮಟ್ಟದ ಓದಿಗೆ ಅಲ್ಲಿಗೆ ಬರುತ್ತಿದ್ದರು. ಓದು ಮುಗಿಸಿದವರು ರೋಗ ಯಾವುದೆಂದು ತಾವೇ ನೋಡಿ, ತಾವೇ ತೀರ್ಮಾನಿಸಿ, ತಾವೇ ಔಷಧಿ ಬರೆಯಬಹುದಿತ್ತು.

ಕಸ್ತೂರಿ ಬಂದದ್ದು ಒಂದು ತಾಲೂಕು ಆಸ್ಪತ್ರೆಯಲ್ಲಿ ಹದಿನಾರು ವರ್ಷ ನರ್ಸಾಗಿದ್ದು.

ಹದಿನಾರು ವರ್ಷ! ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಡಾಕ್ಟರು "ಏ ಸಿಸ್ಟರ್" ಅಂದರೆ ಎದ್ದು ನಿಲ್ಲಬೇಕಿತ್ತು. ರೋಗಿಗೆ ಏನಾಗಿದೆಯೆಂದು ಅವನಿಗಿಂತ ಮೊದಲು ಇವಳಿಗೆ ಗೊತ್ತಿರುತ್ತಿತ್ತು. ಬಾಯಿಬಿಟ್ಟು ಹೇಳಿದರೆ, "ನಿನ್ನ ಯಾರ್ ಕೇಳಿದ್ರು?" ಅನ್ನುತ್ತಿದ್ದ. ಅವನು ಕೇಳದೆ ಹೋದದ್ದಕ್ಕೆ ಜೀವ ಬಿಟ್ಟವರ ಮೈ ಒರೆಸಿ ಬಟ್ಟೆ ಹೊದಿಸುವ ಕೆಲಸವೂ ಇವಳದೇ.

ಮೊದಲ ದಿನ ಅವಳು ರೂಢಿಯಂತೆ ಬೇಸಿನ್ನು, ಒರೆಸುವ ಬಟ್ಟೆ ಹಿಡಿದು ವಾರ್ಡಿಗೆ ಹೊರಟಳು. ಅಕ್ಕೋರು ಬಾಗಿಲಲ್ಲೇ ತಡೆದರು.

"ಅದನ್ನ ಇಲ್ಲೇ ಇಡು. ಇನ್ನ ಮುಂದ ಮುಟ್ಟಬ್ಯಾಡ."

"ಯಾಕ್ರೀ ಅಕ್ಕೋರ?"

"ಒಮ್ಮೆ ಹಿಡದ್ರ ಈ ಮಂದಿ ನಿನ್ನ ಕೈಯಾಗಿಂದ ಅದನ್ನ ಇಳಸಗೊಡೂದಿಲ್ಲ. ಕಲಿಯಾಕ ಬಂದಾಕಿ ಮಂದಿ ಮೈ ತೊಳಕೋತ ಎರಡ ವರ್ಷ ಕಳೀತಿ. ನಾ ಇದನ್ನ ಭಾಳ ನೋಡೀನಿ."

ಕಸ್ತೂರಿಗೆ ಕಣ್ಣು ತುಂಬಿತು. ಅಷ್ಟು ವರ್ಷಗಳಲ್ಲಿ ಅವಳ ಪರವಾಗಿ ಸಿಟ್ಟಾದವರು ಇವರೊಬ್ಬರೇ.

ಒಂದೂವರೆ ವರ್ಷ ಕಳೆಯಿತು. ಒಂದು ಸೋಮವಾರ ಅಕ್ಕೋರು ಕಸ್ತೂರಿಯನ್ನು ಒಂದು ಹಾಸಿಗೆಯ ಮುಂದೆ ನಿಲ್ಲಿಸಿದರು.

"ಇಕಿ ನಿನ್ನ ರೋಗಿ. ನಾ ನಡುವ ಬರೂದಿಲ್ಲ. ನೀನ ನೋಡು."

ಹೊಳೆಯಾಚೆಯ ದ್ಯಾಮವ್ವ. ಸಂತೆಯಲ್ಲಿ ಕೂತು ಮೀನು ಮಾರುವವಳು. ಮೊದಲೇ ಸಕ್ಕರೆ ಕಾಯಿಲೆ, ಈಗ ಚಳಿಜ್ವರ. ಜೊತೆಗೆ ಸೊಸೆ ಬಂದಿದ್ದಳು. ಜ್ವರದ ಮೈಗೆ ನೀರು ಹಾಕಬಾರದೆಂದು ಮುಖ, ಕೈಕಾಲು ಮಾತ್ರ ಒರೆಸುತ್ತಿದ್ದಳು.

ಕಸ್ತೂರಿ ದಿನಕ್ಕೆರಡು ಸಲ ಬಂದು ನೋಡಿದಳು. ಅವಳ ಜೊತೆ ಕಲಿಯುತ್ತಿದ್ದ ಮೂವರು ಗಂಡಸರೂ ನೋಟ್‌ಬುಕ್ಕು ಹಿಡಿದು ಸುತ್ತ ನಿಲ್ಲುತ್ತಿದ್ದರು. ಮಲೇರಿಯಾ ಇರಲಿಲ್ಲ. ಟೈಫಾಯ್ಡ್ ಇರಲಿಲ್ಲ. ಎದೆಯ ಫೋಟೋದಲ್ಲೂ ಏನೂ ಕಾಣಲಿಲ್ಲ. ಔಷಧಿ ಬದಲಿಸಿದಳು. ಜ್ವರ ಜಗ್ಗಲಿಲ್ಲ.

ಮೂರನೆಯ ದಿನ ಎದೆಬಡಿತ ಕೇಳಲು ಬಗ್ಗಿದಾಗ ಒಂದು ವಾಸನೆ ಬಂತು. ತೀರಾ ಸಣ್ಣದು. ಹದಿನಾರು ವರ್ಷ ರೋಗಿಗಳ ಹಾಸಿಗೆ ಬದಲಿಸಿದ ಮೂಗಿಗಷ್ಟೇ ತಿಳಿಯುವಂಥದ್ದು.

ದ್ಯಾಮವ್ವನನ್ನು ಮಗ್ಗುಲಿಗೆ ಹೊರಳಿಸಲು ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅದು ಆಯಾ ಮಾಡುವ ಕೆಲಸ. ಅಕ್ಕೋರು ಬೇಡ ಅಂದಿದ್ದಾರೆ.

ಹೊರಗೆ ಬಂದು, ಮೈ ತೊಳೆದು ಬೆನ್ನು ನೋಡು ಅಂತ ಆಯಾಗೆ ಹೇಳಿದಳು. ನಲವತ್ತು ಹಾಸಿಗೆಗೆ ಒಬ್ಬಳೇ ಆಯಾ. ಹೂಂ ಅಂದಳು, ಮರೆತಳು. ನೋಡಿರಬೇಕು ಅಂದುಕೊಂಡು ಕಸ್ತೂರಿ ಮತ್ತೆ ಕೇಳಲಿಲ್ಲ.

ಆರನೆಯ ದಿನ ಬೆಳಿಗ್ಗೆ ದ್ಯಾಮವ್ವ ಬಡಬಡಿಸತೊಡಗಿದಳು. ಸೊಸೆಯ ಗುರುತು ಹತ್ತಲಿಲ್ಲ. ಕಸ್ತೂರಿ ಅಕ್ಕೋರ ಬಳಿಗೆ ಓಡಿದಳು.

"ಎಲ್ಲಾ ನೋಡೀನ್ರಿ. ಏನೂ ಸಿಗವಲ್ದು. ಆಕಿ ಉಳಿಯೂ ಹಂಗ ಕಾಣ್ಸೂದಿಲ್ಲ."

"ಎಲ್ಲಾ ನೋಡೀಯೇನು?"

"ಹೂಂನ್ರಿ."

ಅಕ್ಕೋರು ಎದ್ದರು. "ಬೇಸಿನ್ನಿಗೆ ಬಿಸಿನೀರ ತರಸು."

ಕಸ್ತೂರಿಯ ಮುಖ ಕೆಂಪಾಯಿತು. "ಮೈ ತೊಳಿಯಾಕ ಆಯಾ ಅದಾಳ್ರಿ. ನಾ ಹದಿನಾರ ವರ್ಷ ತೊಳದೀನಿ, ಸಾಕಾಗೇತಿ. ಅಕಿ ಸಾಯಾಕತ್ಯಾಳ, ನೀವು ಜಳಕದ ಮಾತಾಡ್ತೀರಿ!"

"ನಿನಗ ತೊಳಿ ಅಂದಿಲ್ಲ," ಅಂದರು ಅಕ್ಕೋರು.

ವಾರ್ಡಿಗೆ ಬಂದು ಮೂವರು ಗಂಡಸರನ್ನೂ ಹೊರಗೆ ಕಳಿಸಿದರು. ಪರದೆ ಎಳೆದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಪ್ಪತ್ತೆರಡರ ಆ ಮುದುಕಿ ಬೇಸಿನ್ನಿನ ಪಕ್ಕದಲ್ಲಿ ಮೊಣಕಾಲೂರಿದರು. ಮೊದಲು ಮುಖ ಒರೆಸಿದರು, ಆಮೇಲೆ ಕುತ್ತಿಗೆ, ಕಂಕುಳು, ಹೊಟ್ಟೆ. ಬಿಸಿನೀರು ತಾಗಿ ದ್ಯಾಮವ್ವನಿಗೆ ಸ್ವಲ್ಪ ಎಚ್ಚರವಾಯಿತು.

"ಹೊರಳವಾ, ಬೆನ್ನ ತೊಳೀತೀನಿ," ಅಂದರು.

ದ್ಯಾಮವ್ವ ಹೊರಳಿದಳು. ಕುಂಡೆಯ ಕೆಳಗೆ, ತೊಡೆಯ ಸಂದಿಗೆ ಹತ್ತಿ, ಅಂಗೈ ಅಗಲದ ಕುರು. ಸುತ್ತ ಕೆಂಪು. ನಡುವೆ ಮಾಂಸ ಕಪ್ಪಗಾಗಿತ್ತು.

"ಯಾಕವಾ, ಹೇಳಲಿಲ್ಲ?"

"ನಾಕ ಮಂದಿ ಬರಕೋತ ನಿಂತಿರತಿದ್ರಿ," ಅಂದಳು ದ್ಯಾಮವ್ವ ಏದುಸಿರಿನಲ್ಲಿ. "ಅದರಾಗ ಮೂರ ಮಂದಿ ಗಂಡಸ್ರು. ನನ್ನ ಯಾರೂ ಮುಟ್ಟಲಿಲ್ಲ. ಯಾರ ಮುಂದ ಹೇಳ್ಲಿ?"

ಅಕ್ಕೋರು ಕಸ್ತೂರಿಯ ಕಡೆ ನೋಡಲಿಲ್ಲ. ಆಪರೇಷನ್‌ಗೆ ತಯಾರಿ ಮಾಡಿ ಅಂತ ಕೂಗಿ ಹೇಳಿದರು.

ದ್ಯಾಮವ್ವನ ಜೀವ ಉಳಿಯಿತು. ಆದರೆ ಮುಷ್ಟಿಗಾತ್ರದ ಮಾಂಸ ಕೆತ್ತಿ ತೆಗೆಯಬೇಕಾಯಿತು. ಕೂತು ಮೀನು ಮಾರುವ ಹೆಂಗಸು ಇನ್ನು ಆರು ತಿಂಗಳು ಕೂರುವಂತಿಲ್ಲ. ಮೂರು ದಿನ ಮೊದಲು ಹೊರಳಿಸಿ ನೋಡಿದ್ದರೆ ಒಂದು ಸಣ್ಣ ಗಾಯದಲ್ಲಿ ಎಲ್ಲ ಮುಗಿಯುತ್ತಿತ್ತು.

ಮರುದಿನ ಸಂಜೆ ಅಕ್ಕೋರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಕಸ್ತೂರಿ ಬಂದು ಎರಡು ಮೆಟ್ಟಿಲು ಕೆಳಗೆ ನಿಂತಳು. ನಿನ್ನೆಯಿಂದ ಅವಳು ತುತ್ತು ಮುಟ್ಟಿರಲಿಲ್ಲ.

"ವಾಸನಿ ಬಂದಿತ್ತೇನು?" ಅಕ್ಕೋರು ಕೇಳಿದರು.

"ಬಂದಿತ್ರಿ. ಮೂರನೇ ದಿನ."

"ಏನಂತ ಗೊತ್ತಾಗಿತ್ತೇನು?"

"ಗೊತ್ತಾಗಿತ್ರಿ."

"ಗೊತ್ತಾಗಿ, ಆಯಾಗ ಹೇಳಿ ಸುಮ್ಮನಾದಿ. ಆಕಿ ಮೈ ಕೊಳಿಯಾಕ ಹತ್ತಿತ್ತು, ನೀ ಎದಿ ಫೋಟೋ ನೋಡಕೋತ ನಿಂತಿದ್ದಿ. ನಾಚಿಕಿ ಬರೂದಿಲ್ಲ ನಿನಗ?"

ಕಸ್ತೂರಿಗೆ ತಡೆಯಲಾಗಲಿಲ್ಲ. "ಆ ಮೂರೂ ಮಂದಿ ಅಲ್ಲೇ ಇದ್ರು. ಅವರಿಗೆ ಒಂದ ಮಾತ ಅಂದಿಲ್ಲ ನೀವು!"

"ಅವರು ಎಂದೂ ಯಾರ ಮೈನೂ ತೊಳದವರಲ್ಲ. ಅವರಿಗೇನ ಗೊತ್ತಾಗಬೇಕು?"

"ಮತ್ತ ಬೇಸಿನ್ ಮುಟ್ಟಬ್ಯಾಡ ಅಂದವರು ಯಾರ್ರಿ? ನೀವ ಅಲ್ಲೇನು? ನೀವು ಹೇಳಿದ್ದಕ್ಕ ನಾ ಮುಟ್ಟಲಿಲ್ಲ. ಕೈ ಚಾಚಿದಾಕಿ ನಿಮ್ಮ ಮಾತ ನೆನಸಿ ಕೈ ಹಿಂದ ತಗೊಂಡೆ. ಈಗ ನನಗ ನಾಚಿಕಿ ಇಲ್ಲಂತೀರಿ. ಇದ್ಯಾವ ನ್ಯಾಯ್ರಿ ಅಕ್ಕೋರ?"

ಗುರುವಿನ ಮುಂದೆ ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ.

ಅಕ್ಕೋರು ತಲೆಯಾಡಿಸಿದರು. "ಹೌದು. ನಾನ ಅಂದೆ. ತಪ್ಪ ಮಾತ ಹೇಳಿದೆ. ಮುಂಜಾನೆ ಹೋಗಿ ದ್ಯಾಮವ್ವನ ಕೈ ಹಿಡಕೊಂಡ, ತಪ್ಪ ನಂದವಾ ಅಂತ ಹೇಳಿ ಬಂದೀನಿ."

ಕಸ್ತೂರಿ ಒಂದು ಮೆಟ್ಟಿಲು ಮೇಲೆ ಬಂದಳು.

"ಹಂಗಾದ್ರ," ಅಂದಳು, "ನಂದೇನ್ರಿ ತಪ್ಪು?"

ಅಕ್ಕೋರು ಸರಕ್ಕನೆ ಎದ್ದು ನಿಂತರು.

"ಹೇಳಿದಷ್ಟ ಮಾಡಾಕ ನಿನಗ ಹದಿನಾರ ವರ್ಷ ಕಲಿಸ್ಯಾರ. ಅದನ್ನ ಬಿಡಸಾಕಂತನ ನಾ ಇಲ್ಲಿ ಕುಂತೀನಿ. ನನ್ನ ಮಾತ ಯಾಕ ಕೇಳಿದಿ?"