ಚಿಕ್ಕೀರ ಪಿರಮಿಡ್ಡು ನೋಡಿದ್ದು

ಕೊಳ್ಳೇಗಾಲದ ಕಡೆಯ ಒಬ್ಬ ತಾಯಿಗೆ ಒಬ್ಬ ಮಗನಿದ್ದ. ಹೇಳಿದ ಮಾತನ್ನು ಎಳ್ಳಷ್ಟೂ ಮೀರದ ಮಗ. ಅದೇ ಅವಳ ಸಂಕಟ. "ಹಾಲು ನೋಡ್ಕೊಳೋ" ಅಂದರೆ, ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಕೂರುವನು. ಮೀಸೆ ಬಂತು, ಮೀಸೆಯಲ್ಲಿ ನರೆಯೂ ಬಂತು, ಬುದ್ಧಿ ಮಾತ್ರ ಬರಲಿಲ್ಲ. ತಾಯಿ ದೇವೀರಮ್ಮ, ಮಗ ಚಿಕ್ಕೀರ.

ದೇವೀರಮ್ಮನ ಎದೆ ಸೋತಿತ್ತು. ತಾನು ಹೋದರೆ ಇವನಿಗೆ ಯಾರು ದಿಕ್ಕು ಅಂತ ಮಗನ ಕೈ ಹಿಡಿದುಕೊಂಡು ಈಜಿಪ್ಟ್ ದೇಶಕ್ಕೆ ಬಂದಳು. ಅಲ್ಲಿ ಕೈರೋ ಪಟ್ಟಣದಲ್ಲಿ ಮಗಳು ಮಂಗಳ ಇದ್ದಳು. ಅಳಿಯ ಪುಟ್ಟರಾಜು ಅಲ್ಲಿನ ಹೋಟೆಲೊಂದರಲ್ಲಿ ಅಡುಗೆಯವನು.

ಅಳಿಯ ಕೆಟ್ಟವನಲ್ಲ. "ಇರಲಿ ಅತ್ತೆ. ಆದ್ರೆ ನಾವಿಬ್ರೂ ಕೆಲಸಕ್ಕೆ ಹೋಗೋರು. ಹೇಳಿದ್ದು ಇವನಿಗೆ ತಿಳೀಬೇಕಲ್ಲ? ಒಂದಿನ ಹೊರಗೆ ಕರ್ಕೊಂಡು ಹೋಗಿ ನೋಡೋಣ. ಇವನನ್ನ ಇಟ್ಕೊಳ್ಳೋ ವಿಷಯ ಆಮೇಲೆ ಹೇಳ್ತೀನಿ" ಅಂದ.

ಎಲ್ಲರೂ ಪ್ರವಾಸದ ಬಸ್ಸು ಹತ್ತಿದರು. ದೇವೀರಮ್ಮ ಮಗನ ಕಿವಿಯಲ್ಲಿ, "ಇವತ್ತೊಂದಿನ ಹೇಳ್ದಂಗೆ ಕೇಳು ಮಗ" ಅಂದಳು.

"ಯಾವತ್ತು ಕೇಳಿಲ್ಲ ಕಣವ್ವ?" ಅಂದ ಚಿಕ್ಕೀರ. ಅದೂ ನಿಜವೇ.

ಪಿರಮಿಡ್ಡಿನ ಬಾಯಿಗೆ ಬಂದರು. ಗೈಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಂಗಳ ಕನ್ನಡದಲ್ಲಿ ಹೇಳಿದಳು: "ಒಳಗೆ ದಾರಿ ಗಿಡ್ಡ. ತಲೆ ತಗ್ಗಿಸೋ."

ತಗ್ಗಿಸಿದ. ಒಳಗೆ ಹೋದ, ತಗ್ಗಿಸಿಯೇ ಇದ್ದ. ಹೊರಗೆ ಬಂದ, ತಗ್ಗಿಸಿಯೇ ಇದ್ದ. ಮರಳಿನಲ್ಲಿ ಹಾಗೇ ನಡೆದು ಹೋಗಿ ಒಂಟೆಯ ಹೊಟ್ಟೆಗೆ ಗುದ್ದಿದ. ಒಂಟೆಯವನು ಅರಬ್ಬಿಯಲ್ಲಿ ಬೈದ. ಭಾಷೆ ಬಾರದಿದ್ದರೂ ಬೈಗುಳ ದೇವೀರಮ್ಮನಿಗೆ ತಿಳಿಯಿತು.

"ಹೊರಕ್ಕೆ ಬಂದ ಮೇಲೂ ಯಾಕೋ ತಗ್ಗಿಸಿದ್ದೀಯ?"

"ಎತ್ತು ಅಂತ ಯಾರೂ ಅನ್ನಲಿಲ್ಲ."

"ನಾನು ಅಂತೀನಿ. ತಲೆ ಎತ್ಕೊಂಡು ನಡಿ."

ಎತ್ತಿದ. ಮುಂದೆ ಒಂದು ಸಮಾಧಿ, ಅದರ ಬಾಗಿಲು ಇನ್ನೂ ಗಿಡ್ಡ. ಎಲ್ಲರೂ ಬಗ್ಗಿದರು, ಅವನು ಬಗ್ಗಲಿಲ್ಲ. ಹಣೆ ಒಡೆದು ರಕ್ತ ಬಂತು. ಪುಟ್ಟರಾಜು ಮುಖ ಆಚೆ ತಿರುಗಿಸಿದ. ದೇವೀರಮ್ಮ ಸೆರಗಿನಿಂದ ಹಣೆ ಒತ್ತಿ ಹಿಡಿದಳು. ನೋವು ಅವನ ಹಣೆಗೋ ಇವಳ ಎದೆಗೋ.

"ಗೊತ್ತಾಗದಿದ್ರೆ ಕೇಳಬಾರದಾ? ಬಾಯಿಲ್ವಾ ನಿಂಗೆ? ಕೇಳು."

ಕೊನೆಗೆ ಮ್ಯೂಸಿಯಂ. ಗಾಜಿನ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿದ ಹೆಣ. ಗೈಡು ಅದನ್ನು ತೋರಿಸಿ, "ಮಮ್ಮಿ" ಅಂದ. ಮನೆಯಲ್ಲಿ ಮಂಗಳನ ಮಗಳು ಮಂಗಳನನ್ನು ಕರೆಯುವುದೂ ಹಾಗೆಯೇ. ಕೇಳು ಅಂದಿದ್ದಳಲ್ಲ ಅವ್ವ, ಚಿಕ್ಕೀರ ಕೇಳಿದ.

"ಯಾರ ಮಮ್ಮಿ ಅಕ್ಕಯ್ಯ?"

"ಸುಮ್ನಿರೋ. ಸತ್ತೋರು."

"ಮಕ್ಕಳೆಲ್ಲಿ? ಪಕ್ಕದಲ್ಲಿ ಚಪ್ಪಲಿ ಯಾಕಿಟ್ಟವ್ರೆ? ರೊಟ್ಟಿ ಯಾಕಿಟ್ಟವ್ರೆ?"

"ಎದ್ದು ಬರೋವಾಗ ಬೇಕಾಗ್ತದೆ ಅಂತ. ಆಗಿನೋರು ಹಂಗೆ ನಂಬಿದ್ರು."

"ಎದ್ದು ಬಂದ್ರಾ?"

ಮಂಗಳ ಮುಂದಿನ ಪೆಟ್ಟಿಗೆಯ ಕಡೆ ನಡೆದುಬಿಟ್ಟಳು. ಚಿಕ್ಕೀರ ಗೈಡನ್ನು ಕೇಳಿದ. ಕಾವಲಿನವನನ್ನು ಕೇಳಿದ. ಗುರುತಿಲ್ಲದ ಹೆಂಗಸರ ತೋಳು ಹಿಡಿದು ಹಿಡಿದು ಕೇಳಿದ. ಕಾವಲಿನವನು ಎಲ್ಲರನ್ನೂ ಹೊರಗೆ ಕಳಿಸಿದ.

"ನೋಡಿದ್ದಾಯ್ತಲ್ಲ ಅತ್ತೆ" ಅಂದ ಪುಟ್ಟರಾಜು, ಅಷ್ಟೇ. ದೇವೀರಮ್ಮನಿಗೆ ಅಷ್ಟೇ ಸಾಕಾಯಿತು.

ಮಾರನೆಯ ಬೆಳಿಗ್ಗೆ ಅವಳ ಎದೆ ಹಿಡಿದುಕೊಂಡಿತು. ಆಂಬುಲೆನ್ಸು ಬಂತು. ಸ್ಟ್ರೆಚರಿನ ಮೇಲೆ ಮಲಗಿಸಿದರು. ಇನ್ನು ತಿರುಗಿ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ನಮ್ಮ ಕಡೆ ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ, ಹೋಗಿ ಬರ್ತೀನಿ ಅನ್ನಬೇಕು. ಆದರೆ ಬರ್ತೀನಿ ಅಂದರೆ ಇವನು ಬದುಕಿರುವಷ್ಟು ಕಾಲ ಕಾಯುತ್ತಾನೆ. ಅದಕ್ಕೇ ಗಟ್ಟಿ ಮನಸ್ಸು ಮಾಡಿದಳು.

"ಹೋಗ್ತೀನಿ ಮಗ."

ಚಿಕ್ಕೀರ ಸ್ಟ್ರೆಚರಿನ ಕಂಬಿ ಹಿಡಿದುಕೊಂಡ. "ಹಂಗನ್ನಬಾರದು ಅಂತ ನೀನೇ ಹೇಳಿಕೊಟ್ಟಿದ್ದೀಯ. ಹೋಗಿ ಬರ್ತೀನಿ ಅನ್ನು."

ಬಿಡಿಸಿದರೂ ಕೈ ಬಿಡಲಿಲ್ಲ.

"ಹೋಗಿ ಬರ್ತೀನಿ" ಅಂದಳು.

ಆಗ ಬಿಟ್ಟ. ಒಳಗೆ ಓಡಿ ಅವ್ವನ ಚಪ್ಪಲಿ ತಂದ, ಒಂದು ರೊಟ್ಟಿ ತಂದ. ಗಾಡಿಗೆ ಹತ್ತಿ ಚಪ್ಪಲಿಯನ್ನು ಅವಳ ಕಾಲ ಬಳಿ ಜೋಡಿಸಿದ, ರೊಟ್ಟಿಯನ್ನು ಕೈ ಪಕ್ಕ ಇಟ್ಟ.

"ಎದ್ದು ಬರೋವಾಗ ಬೇಕಾಗ್ತದೆ."

ಮಂಗಳ ಬಾಯಿಗೆ ಕೈ ಅಡ್ಡ ಹಿಡಿದಳು. "ತಲೆ ತಗ್ಗಿಸಿ ಇಳಿಯೋ, ತಗುಲೀತು" ಅಂದಳು, ಅವಳ ದನಿ ಒಡೆದಿತ್ತು. ಅವನು ತಗ್ಗಿಸಿ ಇಳಿದ.

ಪುಟ್ಟರಾಜು ಗಾಡಿಯೊಳಗೆ ಬಗ್ಗಿ ಅತ್ತೆಯ ಕೈ ಹಿಡಿದ. "ನೀವು ಬರೋವರೆಗೂ ಇವನು ಇಲ್ಲೇ ಇರ್ತಾನೆ ಅತ್ತೆ." ಏನು ಹೇಳಿದೆನೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಚಿಕ್ಕೀರನೂ ಕೇಳಿಸಿಕೊಂಡ. ನಿಂತಿದ್ದಲ್ಲೇ, ನಡುರಸ್ತೆಯಲ್ಲಿ ಕುಕ್ಕರಿಸಿ ಕೂತ.

"ಏಳೋ, ಮನೆಯೊಳಗೆ ನಡಿ" ಅಂದಳು ಮಂಗಳ.

"ಭಾವ ಇಲ್ಲೇ ಅಂದ್ರು."

ದೇವೀರಮ್ಮ ಕತ್ತು ಹೊರಳಿಸಿ ನೋಡಿದಳು. ಹಿಂದೆ ಗಾಡಿಗಳು ನಿಂತು ಹಾರನ್ ಹೊಡೆಯುತ್ತಿದ್ದವು. ಮಗ ಕೂತೇ ಇದ್ದ, ತಲೆ ತಗ್ಗಿಸಿಯೇ ಇದ್ದ. ಎತ್ತು ಅಂತ ಯಾರೂ ಅಂದಿರಲಿಲ್ಲ. ತಾನಾದರೂ ಅನ್ನೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಹಾಕಿದರು.