ಸುಣ್ಣದ ಗೋಡೆ ಕುಟ್ಟಿದ ಕೆಂಪಿ

ಒಂದಾನೊಂದು ಕಾಲದಲ್ಲಿ, ಕೋಳಿ ಕೂಗದೆ ಯಾರೂ ಹಾಸಿಗೆ ಬಿಟ್ಟು ಏಳದೇ ಇದ್ದ ಕಾಲದಲ್ಲಿ, ಸಿದ್ದಿಂಗಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಹೆಣ್ಣುಮಕ್ಕಳು. ಇಬ್ಬರಿಗೆ ಮದುವೆಯಾಗಿತ್ತು, ಕಿರಿಯವಳಾದ ಹೊನ್ನಿಗೆ ಇನ್ನೆರಡು ತಿಂಗಳಿಗೆ ಮದುವೆ. ಆ ಊರಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ಬಿದಿರು ಬುಟ್ಟಿ ಮಂಕರಿಯಲ್ಲಿ ಒಂದು ತಾಯಿಕೋಳಿ, ಅದರ ಜೊತೆ ಮರಿಗಳು ಹೋಗಲೇಬೇಕಂತೆ. ಆ ವರ್ಷ ರೋಗ ಬಂದು ಮನೆ ಕೋಳಿಯೆಲ್ಲ ಸತ್ತು, ಹೊನ್ನಿ ಕೈಯಾರೆ ಸಾಕಿದ ಕೆಂಪಿ ಅನ್ನೋ ಕೋಳಿ ಒಂದೇ ಉಳಿದಿತ್ತಂತೆ. ಅದು ಮರಿ ಮಾಡಿದರೆ ಉಂಟು, ಇಲ್ಲದಿದ್ದರೆ ಹೊನ್ನಿ ಬರಿಗೈಲಿ ಹೊಸಿಲು ದಾಟಬೇಕು. ನೆನೆಸಿಕೊಂಡರೇ ಅವಳಿಗೆ ಅಳು ಬರೋದಂತೆ!

ಆಮೇಲೆ ಮದುವೆ ಮನೆ ಅಂತ ಗೋಡೆಗೆಲ್ಲ ಬೆಳ್ಳಗೆ ಸುಣ್ಣ ಹೊಡೆದು, ಅಂಗಳ ಗಲೀಜಾಗಬಾರದು ಅಂತ ಕೆಂಪೀನ ತಿಪ್ಪೆಗೆ ಬಿಡದೆ ಮಂಕರಿ ಅಡಿ ಕವುಚಿಟ್ಟರಂತೆ. ಅದು ಮೊಟ್ಟೆ ಇಟ್ಟಿತು, ಏನು ಮೊಟ್ಟೆ! ಚಿಪ್ಪೇ ಇಲ್ಲ, ಬರೀ ತೊಗಲು, ಮುಟ್ಟಿದರೆ ಪಚಕ್! ನಗಬೇಡ ಪುಟ್ಟಿ, ಆ ಮನೇಲಿ ಯಾರೂ ನಗಲಿಲ್ಲ.

ಹಿರಿಯಕ್ಕ ಬಂದು, ನಿಮ್ಮ ಮೇವು ಸಾಲದು, ನಾನು ನೋಡ್ಕೋತೀನಿ ಬಿಡಿ ಅಂದು, ಎಂಟು ದಿನ ಅನ್ನಕ್ಕೆ ತುಪ್ಪ ಕಲಸಿ ಕಲಸಿ ಹಾಕಿದಳಂತೆ. ಕೆಂಪಿ ಮೈ ಬಂದು, ಮೊಟ್ಟೆ ಇಡೋದನ್ನೇ ಬಿಟ್ಟು ತೂಕಡಿಸ್ತಾ ಕೂತಿತಂತೆ. ಆಮೇಲೆ ನಡುವಿನಕ್ಕ, ತುಪ್ಪ ಅಲ್ಲ ಕಣಕ್ಕ, ಕಾಳು ಬೇಕು ಇದಕ್ಕೆ ಅಂದು, ಎಂಟು ದಿನ ರಾಗಿ, ಬೇಯಿಸಿದ ಹುರುಳಿ, ಗೆದ್ದಲು ಹಾಕಿದಳಂತೆ. ಮೊಟ್ಟೆಯೇನೋ ಬಂತು. ಮತ್ತೆ ಅದೇ ತೊಗಲು, ಅದೇ ಪಚಕ್!

ಆಮೇಲೆ ಹೊನ್ನಿ ಏನು ಮಾಡಿದಳು ಗೊತ್ತಾ? ಏನೂ ಹಾಕಲಿಲ್ಲ! ಮಂಕರಿ ಎತ್ತಿ, ಹೋಗವ್ವಾ, ನಿಂಗೇನು ಬೇಕೋ ನೀನೇ ತೋರ್ಸು ಅಂತ ಹಿಂದೆ ಹಿಂದೆ ಹೋದಳಂತೆ. ಕೆಂಪಿ ಅಲ್ಲೇ ಚೆಲ್ಲಿದ್ದ ರಾಗಿ ಕಡೆ ನೋಡಲಿಲ್ಲ, ಹುರುಳಿ ಕಡೆ ನೋಡಲಿಲ್ಲ, ಓಡಿತು ನೋಡು ನೆಟ್ಟಗೆ ಸುಣ್ಣದ ಗೋಡೆಗೆ! ಟಕ್ ಟಕ್ ಟಕ್! ಮದುವೆ ಗೋಡೆ ಹಾಳಾಯ್ತಲ್ಲೇ ಅಂತ ಅವ್ವ ಕೋಲು ಹಿಡಿದು ಬಂದಳಂತೆ. ಹೊನ್ನಿ ಅಡ್ಡ ನಿಂತು, ಹೊಡೀಬೇಡ ಕಣವ್ವ, ಚಿಪ್ಪು ಕಟ್ಟೋಕೆ ಸುಣ್ಣ ಹುಡುಕ್ತಾ ಐತೆ ಇದು, ಸಿಗದಂಗೆ ಕೂಡಿಹಾಕಿದ್ದು ನಾವೇ ಅಂದಳಂತೆ.

ಆಮೇಲೆ ಕೆರೆಗೆ ಓಡಿ, ಒಣಗಿದ ಬಸವನಹುಳದ ಚಿಪ್ಪು ಮಡಿಲು ತುಂಬಾ ಆರಿಸಿ ತಂದು, ಒರಳಲ್ಲಿ ಕುಟ್ಟಿ, ಮೇವಿಗೆ ಬೆರೆಸದೆ ಬೇರೆ ಕರಟದಲ್ಲಿ ಇಟ್ಟಳಂತೆ, ಬೇಕಾದಾಗ ಬೇಕಾದಷ್ಟು ತಿನ್ನಲಿ ಅಂತ. ರಾಗಿ ಹುರುಳೀನೂ ಹಾಕಿ, ಪಕ್ಕದ ಮನೆ ಹುಂಜದ ಜೊತೆ ತಿಪ್ಪೆ ಕೆದಕೋಕೆ ಬಿಟ್ಟಳು. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನ ಕೊಕ್ಕೊಕ್ಕೋ! ಗಟ್ಟಿ ಮೊಟ್ಟೆ! ಉಗುರಲ್ಲಿ ತಟ್ಟಿದರೆ ಟಿಣ್ ಅನ್ನೋದಂತೆ! ಹನ್ನೊಂದು ಮೊಟ್ಟೆ ಆದಮೇಲೆ ಕೆಂಪಿ ಕಾವು ಕೂತು, ನಾಳೆ ಹೊನ್ನಿ ಹೊರಡಬೇಕು ಅನ್ನೋ ಹೊತ್ತಿಗೆ ಪಿಂಯ್ ಪಿಂಯ್ ಅಂತ ಹನ್ನೊಂದು ಮರಿ! ಅವ್ವನಿಗೆ ಕುಣಿಯೋದೊಂದು ಬಾಕಿ!

ಗಂಡನ ಮನೇಲೂ ಹೊಸದಾಗಿ ಸುಣ್ಣ ಹೊಡೆದಿದ್ದರಂತೆ! ಮಂಕರಿ ಇಳಿಸಿದ್ದೇ ತಡ, ಕೆಂಪಿ ಹೋಗಿ ಟಕ್ ಟಕ್ ಟಕ್! ಅತ್ತೆ ಪೊರಕೆ ಎತ್ತಿದಳು. ಹೊನ್ನಿ ಸೆರಗಿನ ಗಂಟು ಬಿಚ್ಚಿ ಚಿಪ್ಪಿನ ಪುಡಿ ಸುರಿದಳಂತೆ. ಕೆಂಪಿ ಗೋಡೆ ಬಿಟ್ಟು ಅಲ್ಲಿಗೆ ಬಂತು, ಹಿಂದೆ ಹನ್ನೊಂದು ಮರಿ. ಅತ್ತೆ ಪೊರಕೆ ಕೆಳಗಿಟ್ಟು, ಕೋಳಿಗೆ ಏನು ಬೇಕು ಅಂತ ತಿಳ್ಕೊಂಡೋಳು ನಮ್ಮನ್ನ ಉಪವಾಸ ಕೂರಿಸ್ತಾಳಾ, ಬಾ ತಾಯಿ ಒಳಗೆ ಅಂದಳಂತೆ.

ಹೊನ್ನಿ ಒಳಗೆ ಹೋದಳು, ಕೆಂಪಿ ಮರಿಗಳನ್ನ ರೆಕ್ಕೆ ಅಡಿ ಹಾಕ್ಕೊಂಡು ಬೆಚ್ಚಗೆ ಕೂತಿತು, ಅಲ್ಲಿಗೆ ಕತೆ ಮುಗೀತು. ಇನ್ನು ನೀನೂ ನನ್ನ ಸೆರಗಿನ ಅಡಿ ಬಾ.