ಸಾಹೇಬರ ಪ್ಯಾಂಟು

ಖಾಕಿ ಪ್ಯಾಂಟು ಸೊಂಟಕ್ಕೆ ಏರದೆ ಇನ್ಸ್‌ಪೆಕ್ಟರ್ ಬಸಲಿಂಗಪ್ಪನವರಿಗೆ ಮಾನ ಹೋದಂತಾಗಿತ್ತು. ಅದನ್ನು ಗುಡ್ಡದ ಮೇಲಿನ ದರ್ಜಿ ಖಾಸಿಂಬಿಯ ಮುಂದೆ ಎಸೆದರು.

"ವರ್ಷದ ಪರೇಡ್ ಬರೋದ್ರೊಳಗ ಸಡಿಲ ಮಾಡು. ಯಾರಿಗರೆ ಗೊತ್ತಾದ್ರ ನಿನ್ನ ಅಂಗಡಿಗೆ ಬೀಗ."

"ಹಂಗಾದ್ರ ದಿನಾ ಮುಂಜಾನೆ ನಡಕೋತ ಬರ್ರಿ ಸಾಹೇಬ್ರ, ಜೀಪ್ ಕಂಡ್ರ ಮಂದಿ ಕೇಳ್ತಾರ. ಅಳತಿ ನೋಡಿ ಸ್ವಲ್ಪ ಸ್ವಲ್ಪ ಬಿಚ್ಚತೀನಿ. ಮಿರ್ಚಿ ಭಜಿ ತಿಂದು ಬರಬ್ಯಾಡ್ರಿ, ಬಟ್ಟಿಗೆ ಎಣ್ಣಿ ಹತ್ತತೈತಿ."

ನಾಚಿಕೆಗೆ ಹೆದರಿ ಸಾಹೇಬರು ತಿಂಗಳುಗಟ್ಟಲೆ ಗುಡ್ಡ ಹತ್ತಿದರು. ಏದುಸಿರು ಬಿಟ್ಟಾಗಲೆಲ್ಲ ಅವಳು ನೀರು ಕೊಟ್ಟು, "ನಿನ್ನಿಗಿಂತ ಲಗೂ ಬಂದ್ರಿ" ಎನ್ನುತ್ತಿದ್ದಳು. ಕಡೆಗೊಂದು ದಿನ ಪ್ಯಾಂಟು ಸಲೀಸಾಗಿ ಏರಿತು.

"ಎಷ್ಟು ಬಿಚ್ಚಿದಿ?"

"ಒಂದು ಹೊಲಿಗೀನೂ ಬಿಚ್ಚಿಲ್ರಿ."

ಸಾಹೇಬರು ಸೊಂಟದ ಹೊಲಿಗೆ ಮುಟ್ಟಿ ನೋಡಿಕೊಂಡರು. ತಲೆ ತಗ್ಗಿಸಿ ಕೇಳಿದರು: "ನಾಳೆ ಏನು ನೆಪ ಹೇಳಿ ಬರ್ಲಿ?"

"ನೆಪ ಯಾಕ್ರಿ? ಇನ್ನ ಬಿಗಿ ಮಾಡೋದೈತಲ್ರಿ."